ತಯಾರಕರ ಗುರುತಿಲ್ಲದ ಫ್ಲಿಂಟ್‌ಲಾಕ್ ರೈಫಲ್: ಕೊಳ್ಳುವ ಮುನ್ನ ಪರೀಕ್ಷೆ, ಪತ್ತೆ ಮತ್ತು ಬೆಲೆ

ಅಮೆರಿಕದ ಪೆನ್ಸಿಲ್ವೇನಿಯಾ, ಒಹಾಯೊ, ಕೆಂಟಕಿ ಕಡೆಯ ಹರಾಜುಗಳಲ್ಲಿ, ತೀರಿಕೊಂಡವರ ಮನೆಯ ಸಾಮಾನು ಮಾರುವ ಎಸ್ಟೇಟ್ ಸೇಲ್‌ಗಳಲ್ಲಿ, ಬಂದೂಕಿನ ಅಂಗಡಿಗಳ ಮೂಲೆಯಲ್ಲಿ ಒಂದು ಬಗೆಯ ರೈಫಲ್ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಎಂಟು ಮುಖದ ಉದ್ದನೆಯ ನಳಿಗೆ, ನಳಿಗೆಯ ತುದಿಯವರೆಗೂ ಚಾಚಿದ ಮೇಪಲ್ ಮರದ ಹಿಡಿ, ಅಲ್ಲಲ್ಲಿ ಹಿತ್ತಾಳೆಯ ಅಲಂಕಾರ, ಬಲಬದಿಯಲ್ಲಿ ಚಕಮಕಿ ಕಲ್ಲು ಕಚ್ಚಿಕೊಂಡ ಲಾಕ್, ಅಂದರೆ ಕಿಡಿ ಎಬ್ಬಿಸಿ ಮದ್ದಿಗೆ ಹತ್ತಿಸುವ ಯಂತ್ರ. ಹೆಸರಿಲ್ಲ, ಊರಿಲ್ಲ, ಸಂಖ್ಯೆಯೂ ಇಲ್ಲ. ಟ್ರಿಗರ್‌ಗೆ ಕಟ್ಟಿದ ಚೀಟಿಯ ಮೇಲೆ ‘ಹಳೆಯ ಕೆಂಟಕಿ ರೈಫಲ್’ ಎಂದಷ್ಟೇ ಬರೆದು, ಪಕ್ಕದಲ್ಲಿ ಧಾರಾಳವಾದ ಒಂದು ಬೆಲೆಯನ್ನು ಹಾಕಿರುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡಿಗರೂ ಸೇರಿದಂತೆ, ಅಂಥದೊಂದನ್ನು ಕೊಳ್ಳಲು ಹೊರಟವರು ಹಣ ಕೊಡುವ ಮೊದಲು ಏನನ್ನು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇಂಥ ರೈಫಲ್ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಾಗಿರುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲೋ ಹತ್ತೊಂಬತ್ತರ ಮೊದಲ ದಶಕಗಳಲ್ಲೋ ತಯಾರಾಗಿ, ಇಂದಿನವರೆಗೂ ಚಕಮಕಿಯಾಗಿಯೇ ಉಳಿದ ಮೂಲ ಕೋವಿ ಮೊದಲನೆಯದು. ಅದೇ ಕಾಲದ್ದಾದರೂ ನಡುವೆ ಕೇಪಿನ (ಕಲ್ಲಿನ ಬದಲು ಹೊಡೆತಕ್ಕೆ ಸಿಡಿಯುವ ಪುಟ್ಟ ಲೋಹದ ಟೊಪ್ಪಿಯ) ಕೋವಿಯಾಗಿ ಬದಲಾಗಿ, ಆಮೇಲೆ ಯಾರೋ ಮತ್ತೆ ಚಕಮಕಿಗೆ ತಿರುಗಿಸಿದ್ದು ಎರಡನೆಯದು. ಬಿಡಿಭಾಗಗಳನ್ನು ಕೊಂಡು ಇಪ್ಪತ್ತನೆಯ ಶತಮಾನದಲ್ಲೋ ಈಚೆಗೋ ಕೈಯಲ್ಲಿ ಜೋಡಿಸಿದ್ದು ಮೂರನೆಯದು. ಇದರಲ್ಲಿ ಹವ್ಯಾಸಿಯ ಮೊದಲ ಪ್ರಯತ್ನವೂ ಇರಬಹುದು, ಪಳಗಿದ ಕುಶಲಕರ್ಮಿಯ ಕೆಲಸವೂ ಇರಬಹುದು. ಇಟಲಿ, ಸ್ಪೇನ್ ಅಥವಾ ಜಪಾನಿನ ಕಾರ್ಖಾನೆಯಿಂದ ಬಂದ ಪ್ರತಿಕೃತಿ ನಾಲ್ಕನೆಯದು. ಇವುಗಳ ಬೆಲೆ ಕೆಲವು ನೂರು ಡಾಲರ್‌ಗಳಿಂದ ಹಲವು ಸಾವಿರ ಡಾಲರ್‌ಗಳವರೆಗೆ ಹರಡಿಕೊಂಡಿರುವುದರಿಂದ, ಬೆಲೆಯ ಮಾತು ಎತ್ತುವ ಮೊದಲು ಕೈಯಲ್ಲಿರುವುದು ಯಾವ ಬಗೆಯದೆಂದು ನಿರ್ಧರಿಸಲೇಬೇಕು. ಈ ನಿರ್ಧಾರದಲ್ಲಿ ಒಂದು ನಿಯಮವನ್ನು ಬಿಡಬಾರದು: ರೈಫಲ್‌ನ ವಯಸ್ಸನ್ನು ಹೇಳುವುದು ಅದರಲ್ಲಿರುವ ಅತ್ಯಂತ ಹಳೆಯ ಭಾಗವಲ್ಲ, ಅತ್ಯಂತ ಹೊಸ ಭಾಗ. ಹಳೆಯ ಹಿತ್ತಾಳೆಯ ತಗಡನ್ನು ಹೊಸ ಮರಕ್ಕೆ ಕೂರಿಸುವುದು ಯಾರಿಗೂ ಕಷ್ಟವಲ್ಲ. 1800ರಲ್ಲಿ ಜೋಡಿಸಿದ ಕೋವಿಯೊಳಗೆ ಸ್ಟೇನ್‌ಲೆಸ್ ಸ್ಟೀಲಿನ ತಿರುಪು ಮಾತ್ರ ತಾನಾಗಿ ಬಂದಿರಲಾರದು.

ಎಲ್ಲಕ್ಕಿಂತ ಮೊದಲು: ಒಳಗೆ ಮದ್ದು ತುಂಬಿದೆಯೇ?

ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಗಳಲ್ಲಿ ತುಂಬಿದ ಮದ್ದು ಮತ್ತು ಗುಂಡು ಹಾಗೆಯೇ ಉಳಿದಿರುವುದು ಅಪರೂಪವೇನಲ್ಲ. ಗೋಡೆಗೆ ನೇತುಹಾಕುವ ಮೊದಲು ಖಾಲಿ ಮಾಡಬೇಕೆಂದು ಯಾರಿಗೂ ತೋಚಿರುವುದಿಲ್ಲ. ಒಣಗಿರುವ ಕರಿಮದ್ದು ಕಾಲ ಕಳೆದಂತೆ ಸಾಯುವುದಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದ ತೋಪಿನ ಗುಂಡೊಂದು 2008ರಲ್ಲಿ ವರ್ಜೀನಿಯಾದಲ್ಲಿ ಸಿಡಿದು ಅದನ್ನು ಸ್ವಚ್ಛಗೊಳಿಸುತ್ತಿದ್ದ ಸಂಗ್ರಾಹಕರೊಬ್ಬರ ಜೀವ ತೆಗೆಯಿತು. ಆದ್ದರಿಂದ ಕೋವಿಯ ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ ಹಿಡಿದು, ಕಾಕ್ (ಕಲ್ಲನ್ನು ಕಚ್ಚಿ ಹಿಡಿದ ಸುತ್ತಿಗೆ) ಇಳಿದಿರುವಾಗಲೇ ಗಜವನ್ನು (ಮದ್ದು, ಗುಂಡು ಒತ್ತುವ ಉದ್ದನೆಯ ಕೋಲನ್ನು) ನಳಿಗೆಯೊಳಗೆ ನಿಧಾನವಾಗಿ ತಳದವರೆಗೆ ಇಳಿಸಬೇಕು. ಬಾಯಿಯ ಮಟ್ಟಕ್ಕೆ ಗಜದ ಮೇಲೆ ಬೆರಳಿಟ್ಟು ಹಿಡಿದು, ಹೊರತೆಗೆದು, ನಳಿಗೆಯ ಪಕ್ಕದಲ್ಲಿಟ್ಟು ಅಳೆಯಬೇಕು. ಗಜದ ತುದಿ ಬೆಂಕಿಕಿವಿಯ ಮಟ್ಟಕ್ಕೆ, ಅಂದರೆ ರಂಜಕದ (ಲಾಕಿನ ಬಟ್ಟಲಿಗೆ ಹಾಕುವ ಹೊತ್ತಿಸುವ ಮದ್ದಿನ) ಕಿಡಿ ಒಳಗೆ ಹೋಗುವ ಆ ಸಣ್ಣ ರಂಧ್ರದವರೆಗೆ ಮುಟ್ಟಿದರೆ ನಳಿಗೆ ಖಾಲಿ. ಒಂದೆರಡು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ: ಗುಂಡು, ಬಟ್ಟೆ, ತುಕ್ಕಿನ ಗಂಟು, ಕೀಟದ ಗೂಡು, ಯಾವುದಾದರೂ ಆಗಬಹುದು. ಅದು ಏನೆಂದು ಮಾರುವವರೇ ತೆಗೆಸಿ ತೋರಿಸುವವರೆಗೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಕೂಡದು. ‘ನಮ್ಮಜ್ಜನ ಕಾಲದಿಂದ ಹೀಗೇ ಇದೆ, ಏನೂ ಇಲ್ಲ’ ಎಂಬ ಭರವಸೆ ಇಲ್ಲಿ ಸಾಕ್ಷ್ಯವಾಗುವುದಿಲ್ಲ.

ಹೆಸರು ಇಲ್ಲವೇ, ಅಡಗಿದೆಯೇ?

ಹೊರಗೆ ಕಾಣುವುದಿಲ್ಲ ಎಂಬುದಕ್ಕೆ ಗುರುತೇ ಇಲ್ಲ ಎಂದು ಅರ್ಥವಲ್ಲ. ಇದು ಈ ಪತ್ತೆಯ ಅತ್ಯಂತ ಫಲವತ್ತಾದ ಭಾಗವಾದ್ದರಿಂದ ಹೆಚ್ಚಿನ ಸಮಯವನ್ನು ಇಲ್ಲಿಯೇ ಕಳೆಯುವುದು ಒಳ್ಳೆಯದು.

ಮೊದಲು ನಳಿಗೆಯ ಮೇಲ್ಮುಖವನ್ನು, ಬ್ರೀಚ್‌ನಿಂದ (ಮದ್ದು ಉರಿಯುವ, ಮುಚ್ಚಿದ ಹಿಂತುದಿಯಿಂದ) ಗುರಿ ಹಿಡಿಯುವ ಹಿಂದಿನ ಸೈಟ್‌ವರೆಗೆ, ಓರೆಯಾಗಿ ಬಿದ್ದ ಬೆಳಕಿನಲ್ಲಿ ನೋಡಬೇಕು. ಮೂಲ ಕಾಲದ ಪೆನ್ಸಿಲ್ವೇನಿಯಾ ಕುಶಲಕರ್ಮಿಗಳು ಸಹಿ ಹಾಕಿದ್ದರೆ ಹೆಚ್ಚಾಗಿ ಅಲ್ಲಿಯೇ ಹಾಕುತ್ತಿದ್ದರು. ಎಷ್ಟೋ ಮಂದಿ ಹಾಕುತ್ತಲೂ ಇರಲಿಲ್ಲ. ಟಾರ್ಚನ್ನು ನಳಿಗೆಗೆ ಸಮಾನಾಂತರವಾಗಿ ಹಿಡಿದರೆ ನೇರ ಬೆಳಕಿನಲ್ಲಿ ಕಾಣದ ಗೀರಕ್ಷರಗಳ ನೆರಳು ಮೇಲೇಳುತ್ತದೆ. ಅಕ್ಷರ ಸ್ಪಷ್ಟವಾಗಲೆಂದು ಉಜ್ಜುವುದು, ಎಣ್ಣೆ ಹಾಕಿ ಉಕ್ಕಿನ ನಾರಿನಿಂದ ತಿಕ್ಕುವುದು ಸಲ್ಲದು. ಹಳೆಯ ಲೋಹದ ಕಂದು ಪದರಕ್ಕೇ ಒಂದು ಬೆಲೆಯಿದೆ, ಅದು ಹೋದರೆ ಮರಳಿ ಬರುವುದಿಲ್ಲ. ಅಕ್ಷರಗಳು ಕಂಡಾಗಲೂ ಅವುಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಕಂದು ಪದರ ಅಕ್ಷರದ ಆಳದಲ್ಲೂ ಒಂದೇ ಸಮನಾಗಿ ಹರಡಿದ್ದರೆ ಸರಿ. ಪದರವನ್ನು ಕತ್ತರಿಸಿಕೊಂಡು ಹೊಳೆಯುವ ಅಂಚು ಎದ್ದಿದ್ದರೆ ಹೆಸರು ಕೋವಿಗಿಂತ ಚಿಕ್ಕ ವಯಸ್ಸಿನದು. ಲ್ಯಾಂಕಾಸ್ಟರ್‌ನ ಜೇಕಬ್ ಡಿಕರ್ಟ್‌ನಂಥ ಪ್ರಸಿದ್ಧರ ಹೆಸರು ಬೆಲೆಯನ್ನು ಏರಿಸುತ್ತದೆ ಎಂಬುದು ಮಾರುವವರಿಗೂ ತಿಳಿದಿದೆ.

ಲಾಕಿನ ತಗಡಿನ ಮೇಲೆ ಹೆಸರಿದ್ದರೆ ಅದನ್ನು ರೈಫಲ್ ಮಾಡಿದವರ ಹೆಸರೆಂದು ತಿಳಿಯಬಾರದು. ಅಮೆರಿಕದ ಕೋವಿಕಾರರು ಲಾಕುಗಳನ್ನು ಹೆಚ್ಚಾಗಿ ಕೊಂಡು ತರುತ್ತಿದ್ದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕೆಟ್ಲೆಂಡ್ ಎಂಬ ಹೆಸರು ಎಷ್ಟೋ ಪೆನ್ಸಿಲ್ವೇನಿಯಾ ರೈಫಲ್‌ಗಳ ಲಾಕಿನ ಮೇಲೆ ಇರುವುದು ಈ ಕಾರಣದಿಂದಲೇ.

ಮುಂದೆ ಮಾಲೀಕರ ಒಪ್ಪಿಗೆ ಪಡೆದು ಲಾಕನ್ನು ಬಿಚ್ಚಬೇಕು. ಕಾಕ್ ಅನ್ನು ಅರ್ಧ ಏರಿಸಿ, ಎಡಬದಿಯ ಒಂದೋ ಎರಡೋ ತಿರುಪುಗಳನ್ನು ಕೆಲವು ಸುತ್ತು ಸಡಿಲಿಸಿ, ಅವುಗಳ ತಲೆಯ ಮೇಲೆ ಮೆಲ್ಲಗೆ ತಟ್ಟಿದರೆ ಲಾಕ್ ಮರದಿಂದ ಹೊರಬರುತ್ತದೆ. ಒಳಗಿನಿಂದ ಮೀಟಿ ಎಬ್ಬಿಸಿದರೆ ಮರದ ಅಂಚು ಸೀಳುತ್ತದೆ. ಇಂದು ಕೈಯಲ್ಲಿ ಜೋಡಿಸುವವರು ಹೆಚ್ಚಾಗಿ ಬಳಸುವ ಲಾಕುಗಳು ಸೈಲರ್, ಚೇಂಬರ್ಸ್, ಎಲ್ ಆ್ಯಂಡ್ ಆರ್, ಡೇವಿಸ್ ಮೊದಲಾದವು, ಮತ್ತು ಇವುಗಳ ಮುದ್ರೆ ಹಲವು ಬಾರಿ ತಗಡಿನ ಒಳಮುಖದಲ್ಲಿರುತ್ತದೆ. ಮುದ್ರೆ ಇಲ್ಲದಿದ್ದರೂ ಒಳಭಾಗ ಮಾತಾಡುತ್ತದೆ. ಎಲ್ಲ ತಿರುಪುಗಳ ಎಳೆಯೂ ಒಂದೇ ಅಂತರದಲ್ಲಿದ್ದು, ಒಂದರ ಜಾಗಕ್ಕೆ ಇನ್ನೊಂದು ಸಲೀಸಾಗಿ ಕೂರುವಂತಿದ್ದರೆ ಅದು ಯಂತ್ರದ ಕೆಲಸ. ತಿರುಪಿನ ಎಳೆಗಳಿಗೆ ಒಂದು ಮಾನಕವನ್ನು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಮುಂದಿಟ್ಟದ್ದೇ 1841ರಲ್ಲಿ. ಅದಕ್ಕೂ ಹಿಂದೆ ಪ್ರತಿ ಕಮ್ಮಾರಸಾಲೆಯ ತಿರುಪು ಆ ಸಾಲೆಯದ್ದೇ ಆಗಿರುತ್ತಿತ್ತು.

ಕೊನೆಯ ಗುರುತು ನಳಿಗೆಯ ಹೊಟ್ಟೆಯಲ್ಲಿರುತ್ತದೆ. ನಳಿಗೆಯನ್ನು ಮರಕ್ಕೆ ಹಿಡಿದಿರುವ ಸಣ್ಣ ಪಿನ್ನುಗಳನ್ನೋ ಬೆಣೆಗಳನ್ನೋ ತೆಗೆದು, ಟ್ಯಾಂಗ್‌ನ (ನಳಿಗೆಯ ಹಿಂತುದಿಯಿಂದ ಮರದ ಮೇಲೆ ಚಾಚಿದ ಲೋಹದ ಪಟ್ಟಿಯ) ತಿರುಪನ್ನು ಬಿಚ್ಚಿದರೆ ಮರದೊಳಗೆ ಮುಚ್ಚಿರುವ ಕೆಳಮುಖಗಳು ತೆರೆದುಕೊಳ್ಳುತ್ತವೆ. ತೆಳುವಾದ ಮರದ ಉದ್ದ ಹಿಡಿ ಇಲ್ಲಿ ಸುಲಭವಾಗಿ ಮುರಿಯುವುದರಿಂದ, ಈ ಕೆಲಸವನ್ನು ಬಲ್ಲವರ ಕೈಯಲ್ಲಿ, ಮಾರುವವರ ಎದುರಿನಲ್ಲೇ ಮಾಡಿಸುವುದು ವಿವೇಕ. ಒಪ್ಪದವರನ್ನು ತಪ್ಪು ತಿಳಿಯಬೇಕಾಗಿಲ್ಲ. ಆದರೆ ಆಗ ಬೆಲೆಯನ್ನು ‘ಕೆಳಮುಖ ನೋಡಿಲ್ಲ’ ಎಂಬ ಲೆಕ್ಕದಲ್ಲೇ ಕಟ್ಟಬೇಕು. ಆಧುನಿಕ ನಳಿಗೆಗಳಾದರೆ ಇಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಗ್ರೀನ್ ಮೌಂಟನ್, ಪಶ್ಚಿಮ ವರ್ಜೀನಿಯಾದ ಡಗ್ಲಸ್, ಪೆನ್ಸಿಲ್ವೇನಿಯಾದ ಗೆಟ್ಜ್ ಅಥವಾ ಕೋಲ್‌ರೇನ್, ಇಲ್ಲವೇ ರೈಸ್ ಎಂಬ ಹೆಸರು, ಜೊತೆಗೆ ಕ್ಯಾಲಿಬರ್‌ನ (ಇಂಚಿನಲ್ಲಿ ಹೇಳುವ ಒಳವ್ಯಾಸದ) ಅಂಕಿ ಇರಬಹುದು. ಕೆಲವು ಹವ್ಯಾಸಿಗಳು ತಮ್ಮ ಹೆಸರಿನ ಮೊದಲಕ್ಷರಗಳನ್ನೂ ಮುಗಿಸಿದ ವರ್ಷವನ್ನೂ ಇಲ್ಲಿಯೇ ಕೊರೆದಿರುತ್ತಾರೆ. ಇಟಲಿಯದಾದರೆ ಗಾರ್ದೋನೆ ಎಂಬ ಊರಿನ ಪರೀಕ್ಷಾ ಮುದ್ರೆ, ಕರಿಮದ್ದಿಗೆ ಮಾತ್ರ ಎಂದು ಸೂಚಿಸುವ ‘ಪಿಎನ್’ ಅಕ್ಷರಗಳು ಮತ್ತು ಪುಟ್ಟ ಚೌಕದೊಳಗೆ ವರ್ಷದ ಸಂಕೇತ ಸಿಗುತ್ತವೆ. ಆ ಸಂಕೇತ 1975ರಿಂದ ಜೋಡಿ ಅಕ್ಷರಗಳಲ್ಲಿದೆ: ‘ಎಎ’ ಎಂದರೆ 1975, ‘ಎಬಿ’ ಎಂದರೆ 1976, ಹೀಗೆ ಮುಂದುವರಿಯುತ್ತದೆ. ಇದೊಂದು ಸಿಕ್ಕರೆ ವಯಸ್ಸಿನ ಚರ್ಚೆ ಅಲ್ಲಿಗೆ ಮುಗಿಯಿತು.

ಹೊರಗಿನಿಂದ ಬಂದ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದು ಅಮೆರಿಕದ ಕಾನೂನು ಕೇಳುತ್ತದೆ. ಆದ್ದರಿಂದ ಕಾರ್ಖಾನೆಯ ಪ್ರತಿಕೃತಿಯ ಮೇಲೆ ಯಾವ ಅಕ್ಷರವೂ ಇಲ್ಲದಿದ್ದರೆ ಅದನ್ನು ಅರದಿಂದ ಉಜ್ಜಿ ತೆಗೆದಿರುವ ಸಾಧ್ಯತೆಯೇ ಹೆಚ್ಚು. ನಳಿಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಎರಡು ಮುಖಗಳು ಕೂಡುವ ಅಂಚಿನ ಗೆರೆಯ ಉದ್ದಕ್ಕೂ ದಿಟ್ಟಿಸಿದರೆ, ಉಜ್ಜಿದ ಜಾಗದಲ್ಲಿ ಆ ನೇರ ಗೆರೆ ಒಂದು ಅಂಗೈಯಗಲದಷ್ಟು ಒಳಕ್ಕೆ ಬಾಗಿ ಮತ್ತೆ ನೇರವಾಗುವುದು ಕಾಣುತ್ತದೆ. ಬೆರಳ ತುದಿಗೆ ತಿಳಿಯದ ಈ ತಗ್ಗು ಕಣ್ಣಿಗೆ ತಪ್ಪದೆ ತಿಳಿಯುತ್ತದೆ.

ಹೊಸತನದ ಸುಳಿವುಗಳು

ಗುರುತು ಎಲ್ಲಿಯೂ ಸಿಗದಾಗ ಅಳತೆಗಳನ್ನು ನಂಬಬೇಕಾಗುತ್ತದೆ. ವರ್ನಿಯರ್ ಕ್ಯಾಲಿಪರ್‌ನಿಂದ ನಳಿಗೆಯ ಎದುರುಬದುರು ಮುಖಗಳ ನಡುವಿನ ದಪ್ಪವನ್ನು ಬ್ರೀಚ್‌ನಲ್ಲಿ, ನಡುವೆ, ಬಾಯಿಯಲ್ಲಿ ಅಳೆಯಿರಿ. ಮೂರೂ ಕಡೆ 20.6, 22.2 ಅಥವಾ 23.8 ಮಿಲಿಮೀಟರ್ ಎಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದರೆ, ಅದು ಇಂಚಿನ ಹದಿನಾರನೆಯ ಭಾಗಗಳ ಲೆಕ್ಕದಲ್ಲಿ ಮಾರುವ ಇಂದಿನ ನೇರ ನಳಿಗೆಯೆಂದು ತಿಳಿಯಬಹುದು. ಹಳೆಯ ಕಾಲದ ಒಳ್ಳೆಯ ನಳಿಗೆಗಳು ಬ್ರೀಚ್‌ನಲ್ಲಿ ದಪ್ಪವಾಗಿ, ನಡುವಿನಲ್ಲಿ ಸಣ್ಣಗಾಗಿ, ಬಾಯಿಯ ಹತ್ತಿರ ಮತ್ತೆ ತುಸು ಅಗಲವಾಗುತ್ತವೆ. ಇಂದಿನ ತಯಾರಕರೂ ಅಂಥ ನಳಿಗೆಗಳನ್ನು ಮಾಡುವುದರಿಂದ ಸೊಂಟವಿದ್ದ ಮಾತ್ರಕ್ಕೆ ಹಳೆಯದೆಂದು ಹೇಳಲಾಗದು; ಸಾಣೆ ಹಿಡಿಯದ ಕೆಳಮುಖದಲ್ಲಿ ಸುತ್ತಿಗೆ ಮತ್ತು ಕುಲುಮೆಯ ಗುರುತು, ಬಡಿದು ಬೆಸೆದ ಕಬ್ಬಿಣದ ಉದ್ದನೆಯ ಎಳೆಗಳು ಕಂಡರೆ ಮಾತ್ರ ಆ ಮಾತಿಗೆ ಬಲ ಬರುತ್ತದೆ.

ಬೆಂಕಿಕಿವಿಯ ಸುತ್ತ ಹೊಳೆಯುವ ತೆಳುವಾದ ಉಂಗುರ ಕಾಣುತ್ತದೆಯೇ ನೋಡಬೇಕು. ಸ್ಟೇನ್‌ಲೆಸ್ ಸ್ಟೀಲಿನ, ತಿರುಪಿನಂತೆ ಕೂರಿಸುವ ಲೈನರ್ ಆಧುನಿಕ ಪದ್ಧತಿ. ಮರದ ಹಿಡಿ ನಡುವೆ ತುಂಡಾಗಿ, ಆ ಸಂಧಿಯನ್ನು ಹಿತ್ತಾಳೆಯ ಪಟ್ಟಿ ಮುಚ್ಚಿದ್ದರೆ ಅದು ಹೆಚ್ಚು ಮಾರಾಟವಾದ ಅಗ್ಗದ ‘ಕೆಂಟಕಿ’ ಕಿಟ್‌ಗಳ ಬಗೆ. ಮೇಪಲ್ ಮರದ ಹುಲಿಪಟ್ಟೆಗಳನ್ನು ಬೆಳಕಿನಲ್ಲಿ ಹೊರಳಿಸಿ ನೋಡಬೇಕು: ನಿಜವಾದ ಪಟ್ಟೆಯಲ್ಲಿ ಕೋವಿ ಹೊರಳಿದಂತೆ ಕಪ್ಪು ಇದ್ದದ್ದು ಬೆಳ್ಳಗೆ, ಬೆಳ್ಳಗಿದ್ದದ್ದು ಕಪ್ಪಗೆ ಅದಲುಬದಲಾಗುತ್ತದೆ, ಬಣ್ಣ ಬಳಿದೋ ಸುಟ್ಟೋ ಮೂಡಿಸಿದ ಪಟ್ಟೆ ಇದ್ದಲ್ಲೇ ಇರುತ್ತದೆ. ನಳಿಗೆ ತೆಗೆದ ಮೇಲೆ ಅದು ಕೂರುವ ಕಾಲುವೆಯನ್ನು ನೋಡಿದರೆ, ನಿಜಕ್ಕೂ ಹಳೆಯದಾದ ಮರ ಅಲ್ಲಿಯೂ ಒಣಗಿ ಕಪ್ಪಾಗಿರುತ್ತದೆ. ಹೊರಗೆ ಗಾಢ ಕಂದು, ಒಳಗೆ ಬಿಸ್ಕತ್ತಿನ ಬಣ್ಣ ಎಂದಾದರೆ ವಯಸ್ಸು ಬಣ್ಣದ ಡಬ್ಬಿಯಿಂದ ಬಂದದ್ದು. ಎಪಾಕ್ಸಿ ಅಂಟು ಕಂಡರೆ ಹೇಳುವುದೇ ಬೇಡ. ಹಿಡಿಯ ಬಲಬದಿಯ ಹಿತ್ತಾಳೆ ಪೆಟ್ಟಿಗೆಯ ಮುಚ್ಚಳ ತೆಗೆದು ಟಾರ್ಚ್ ಹಾಕುವುದನ್ನು ಬಹಳಷ್ಟು ಮಂದಿ ಮರೆಯುತ್ತಾರೆ; ಒಳಗಿನ ಕುಳಿಯ ತಳದಲ್ಲಿ ಸಮತಟ್ಟಾದ ದುಂಡು ಗುರುತುಗಳು, ಅವುಗಳ ನಡುವೆ ಸೂಜಿಮೊನೆಯಂಥ ಚುಕ್ಕೆಗಳು ಇದ್ದರೆ ಅದನ್ನು ತೋಡಿದ್ದು ಉಳಿಯಲ್ಲ, ಡ್ರಿಲ್ ಯಂತ್ರಕ್ಕೆ ಹಾಕಿದ ಇಂದಿನ ಬಿಟ್ ಇರಬಹುದು.

ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಬ್ರಿಟಿಷ್ ಸೈನ್ಯದ ‘ಬ್ರೌನ್ ಬೆಸ್’ ಮಾದರಿಯ ಎಷ್ಟೋ ಪ್ರತಿಕೃತಿಗಳು ಭಾರತದಲ್ಲಿ ತಯಾರಾಗಿ ಅಮೆರಿಕ, ಕೆನಡಾಗಳಿಗೆ ಹೋಗುತ್ತವೆ. ಅವು ಹಲವು ಬಾರಿ ಬೆಂಕಿಕಿವಿ ಕೊರೆಯದೆ, ಪ್ರದರ್ಶನದ ವಸ್ತುಗಳಾಗಿ ಸಾಗಿ, ತಲುಪಿದ ಮೇಲೆ ಅಲ್ಲಿನ ವ್ಯಾಪಾರಿಯೋ ಕೊಂಡವರೋ ಕಿವಿ ಕೊರೆಯುತ್ತಾರೆ. ಅವುಗಳ ನಳಿಗೆ ಒಳಗೆ ಸುರುಳಿ ತೋಡುಗಳಿಲ್ಲದೆ ನುಣುಪಾಗಿರುವುದರಿಂದ ಅವು ರೈಫಲ್‌ಗಳೇ ಅಲ್ಲ. ಒತ್ತಡ ಪರೀಕ್ಷೆಯ ಮುದ್ರೆಯಿಲ್ಲದ ಅಂಥ ನಳಿಗೆಗೆ ಮದ್ದು ತುಂಬುವುದನ್ನು ನಾನಂತೂ ಒಪ್ಪುವುದಿಲ್ಲ.

ಹಳೆಯದೇ ಹೌದು, ಆದರೆ ಬದಲಾಗಿದೆಯೇ?

ಲೋಹ, ಮರ, ತಿರುಪು ಎಲ್ಲವೂ ಹಳೆಯ ಕಾಲದ್ದೇ ಎಂದು ತೋರಿದಾಗ ನಿಜವಾದ ಕಷ್ಟ ಶುರುವಾಗುತ್ತದೆ. 1820ರ ದಶಕದಿಂದ ಮುಂದಕ್ಕೆ ಕೇಪಿನ ಪದ್ಧತಿ ಹರಡಿದಂತೆ, ಬಳಕೆಯಲ್ಲಿದ್ದ ಚಕಮಕಿ ಕೋವಿಗಳಲ್ಲಿ ಬಹಳಷ್ಟನ್ನು ಊರ ಕಮ್ಮಾರರೇ ಕೇಪಿಗೆ ತಿರುಗಿಸಿದರು: ಕಾಕ್, ರಂಜಕದ ಬಟ್ಟಲು, ಫ್ರಿಝನ್ (ಕಲ್ಲು ಬಡಿದಾಗ ಕಿಡಿ ಕೊಡುವ ಉಕ್ಕಿನ ತಗಡು), ಅದರ ಸ್ಪ್ರಿಂಗ್ ಎಲ್ಲವನ್ನೂ ತೆಗೆದು, ಬೆಂಕಿಕಿವಿಯನ್ನು ಅಗಲಿಸಿ, ಅಲ್ಲಿ ಕೇಪು ಕೂರುವ ಮೊಳೆಯಿರುವ ಡ್ರಮ್ ಒಂದನ್ನು ತಿರುಪಿದರು. ಮುಂದೆ ಸಂಗ್ರಾಹಕರು ಚಕಮಕಿಗೆ ಹೆಚ್ಚು ಹಣ ಕೊಡತೊಡಗಿದಾಗ ಅವುಗಳಲ್ಲಿ ಎಷ್ಟೋ ಮತ್ತೆ ಹಿಂದಕ್ಕೆ ತಿರುಗಿದವು. ಹೀಗೆ ಮಾಡಿದ್ದನ್ನು ಹೇಳಿ ಮಾರಿದರೆ ಅದರಲ್ಲಿ ದೋಷವಿಲ್ಲ. ಹೇಳದೆ ಮಾರಿದರೆ ಕೊಂಡವರು ಇಲ್ಲದ ಮೂಲರೂಪಕ್ಕೆ ಹಣ ತೆತ್ತಂತಾಗುತ್ತದೆ.

ಪತ್ತೆಗೆ ಲಾಕಿನ ಒಳಮುಖವೇ ಮೊದಲ ಸಾಕ್ಷಿ. ಕೇಪಿಗೆ ತಿರುಗಿಸಿದಾಗ ಖಾಲಿಯಾಗಿ ಉಳಿದ ತೂತುಗಳನ್ನು ತುಂಬಿದ್ದ, ಆಮೇಲೆ ಪಕ್ಕದಲ್ಲಿ ಹೊಸದಾಗಿ ಕೊರೆದ ಕುರುಹುಗಳು ಹೊರಗೆ ನಯವಾಗಿ ಮುಚ್ಚಿಹೋಗಿದ್ದರೂ ಒಳಗೆ ದುಂಡು ಕಲೆಗಳಾಗಿ ಉಳಿದಿರುತ್ತವೆ. ಎರಡನೆಯದು ತುಕ್ಕಿನ ಹೊಂದಾಣಿಕೆ: ಲಾಕಿನ ತಗಡು ತುಕ್ಕಿನ ಗುಳಿಗಳಿಂದ ತುಂಬಿದ್ದು, ಅದಕ್ಕೆ ತಾಗಿಕೊಂಡೇ ಇರುವ ಕಾಕ್ ಮತ್ತು ಬಟ್ಟಲು ನಯವಾಗಿದ್ದರೆ, ಅವೆರಡೂ ಒಂದೇ ಕಾಲವನ್ನು ಒಟ್ಟಿಗೆ ಕಳೆದಿಲ್ಲ. ಮೂರನೆಯದು ಬೆಂಕಿಕಿವಿ. ಸುತ್ತಲೂ ಸುಮಾರು ಒಂದು ಸೆಂಟಿಮೀಟರ್ ಅಗಲದ ದುಂಡು ಮುಚ್ಚುಗೆ ಕಂಡರೆ ಡ್ರಮ್ ಇದ್ದ ತೂತನ್ನು ತುಂಬಿ ಮತ್ತೆ ಸಣ್ಣ ಕಿವಿ ಕೊರೆದಿದ್ದಾರೆಂದು ಅರ್ಥ. ಜೀವನಪೂರ್ತಿ ಚಕಮಕಿಯಾಗಿಯೇ ದುಡಿದ ಕೋವಿಯಲ್ಲಿ ಫ್ರಿಝನ್‌ನ ಮುಖ ಕಲ್ಲಿನ ಉಜ್ಜುವಿಕೆಯಿಂದ ಸವೆದು, ಕಿವಿಯ ಅಕ್ಕಪಕ್ಕದ ನಳಿಗೆಯ ಮುಖ ರಂಜಕದ ಉರಿಯಿಂದ ಕೊರೆದುಹೋಗಿರುತ್ತದೆ. ಈ ಎರಡು ಸವೆತಗಳು ಒಂದಕ್ಕೊಂದು ಒಪ್ಪಬೇಕು.

ನಳಿಗೆಯನ್ನು ಗಿಡ್ಡ ಮಾಡಿರುವುದೂ ಸಾಮಾನ್ಯ. ಬ್ರೀಚ್ ತುಕ್ಕು ಹಿಡಿದಾಗ ಹಿಂಬದಿಯನ್ನು, ಬಾಯಿ ಸವೆದಾಗ ಮುಂಬದಿಯನ್ನು ಕತ್ತರಿಸುತ್ತಿದ್ದರು. ಕೆಳಗೆ ಗಜ ತೂರುವ ಕೊಳವೆಗಳ ನಡುವಿನ ಅಂತರ ಅಸಮವಾಗಿರುವುದು, ಬಾಯಿಯ ಬಳಿ ನಳಿಗೆ ಅಗಲವಾಗದೆ ಥಟ್ಟನೆ ಮುಗಿಯುವುದು, ಮುಂದಿನ ಸೈಟ್‌ನ ಹಳೆಯ ಖಾಲಿ ತೋಡು ಇವುಗಳಿಂದ ಅದು ತಿಳಿಯುತ್ತದೆ.

ಕೆಲಸ ಮಾಡುತ್ತದೆಯೇ? ದೋಷ ಮತ್ತು ಕಾರಣ

ಮೂಲ ಪುರಾತನ ಕೋವಿಯ ಕಾಕ್ ಅನ್ನು ಪರೀಕ್ಷೆಗೆಂದು ಬಡಿಯಲು ಬಿಡಬಾರದು. ಹಳೆಯ ಕಾಕ್ ಮುರಿದರೆ ಅದರ ನಷ್ಟ ಪರೀಕ್ಷಿಸಿದವರದ್ದೇ. ಕೆಳಗಿನ ಮಾತುಗಳು ಹೊಡೆಯುವುದಕ್ಕಾಗಿ ಕೊಳ್ಳುವ ಆಧುನಿಕ ರೈಫಲ್‌ಗೆ ಅನ್ವಯಿಸುತ್ತವೆ, ಮತ್ತು ನಳಿಗೆ ಖಾಲಿಯೆಂದು ಖಚಿತವಾದ ಮೇಲೆ ಮಾತ್ರ.

ಕಾಕ್ ಅನ್ನು ಹಿಂದಕ್ಕೆ ಎಳೆದರೂ ನಿಲ್ಲದೆ ಬಿದ್ದುಬಿಡುತ್ತದೆ ಎಂಬುದು ಎರಡು ಟ್ರಿಗರ್‌ಗಳಿರುವ ರೈಫಲ್‌ಗಳ ಬಗ್ಗೆ ಕೇಳಿಬರುವ ಸಾಮಾನ್ಯ ದೂರು, ಮತ್ತು ಇದು ಎಷ್ಟೋ ಬಾರಿ ದೋಷವೇ ಅಲ್ಲ. ಜೋಡಿ ಟ್ರಿಗರ್‌ನ ಒಂದು ಬಗೆಯಲ್ಲಿ ಹಿಂದಿನ ಟ್ರಿಗರನ್ನು ಮೊದಲು ಕ್ಲಿಕ್ ಎನ್ನುವವರೆಗೆ ಎಳೆದು ಸಜ್ಜುಗೊಳಿಸದ ಹೊರತು ಕಾಕ್ ನಿಲ್ಲುವುದೇ ಇಲ್ಲ. ಇದು ತಿಳಿಯದ ಮಾರಾಟಗಾರರು ‘ಲಾಕ್ ಕೆಟ್ಟಿದೆ’ ಎಂದು ತಾವೇ ಬೆಲೆ ಇಳಿಸಿರುವುದೂ ಉಂಟು. ಸಜ್ಜುಗೊಳಿಸಿದ ಮೇಲೂ ನಿಲ್ಲದಿದ್ದರೆ ಟಂಬ್ಲರ್‌ನ (ಲಾಕಿನೊಳಗೆ ಕಾಕ್ ಜೊತೆ ತಿರುಗುವ ಭಾಗದ) ಕಚ್ಚು ಅಥವಾ ಸಿಯರ್‌ನ (ಆ ಕಚ್ಚಿಗೆ ಸಿಕ್ಕಿ ಕಾಕ್ ಅನ್ನು ತಡೆದಿಡುವ ಸನ್ನೆಯ) ಮೂಗು ಸವೆದಿದೆ. ಮುಂದಿನ ಟ್ರಿಗರ್ ಒತ್ತಿದಾಗ ಕಾಕ್ ಪೂರ್ತಿ ಬೀಳದೆ ಅರ್ಧದಲ್ಲಿ ಸಿಕ್ಕಿಕೊಂಡರೆ, ಅರ್ಧದ ಕಚ್ಚನ್ನು ದಾಟಿಸುವ ಪುಟ್ಟ ನಾಲಿಗೆ ಟಂಬ್ಲರ್‌ನಲ್ಲಿ ಇಲ್ಲ ಅಥವಾ ಕಳೆದುಹೋಗಿದೆ. ಲಾಕ್ ಬಿಚ್ಚುವಾಗ ಜಾರಿಬಿದ್ದು ಕಾಣೆಯಾಗುವ ಭಾಗ ಅದು.

ಅರ್ಧ ಏರಿಸಿದ ಸ್ಥಿತಿಯಲ್ಲಿ ಟ್ರಿಗರನ್ನು ಸಾಮಾನ್ಯ ಬಲದಿಂದ ಎಳೆದರೆ ಕಾಕ್ ಬೀಳಕೂಡದು. ಪೂರ್ತಿ ಏರಿಸಿ ಹೆಬ್ಬೆರಳಿನಿಂದ ಹಿಂದಿನಿಂದ ಒತ್ತಿದರೂ ಬೀಳಕೂಡದು. ಇವೆರಡರಲ್ಲಿ ಯಾವುದು ತಪ್ಪಿದರೂ ರಿಪೇರಿ ಆಗುವವರೆಗೆ ಆ ರೈಫಲ್ ಹೊಡೆಯಲು ಯೋಗ್ಯವಲ್ಲ.

ಕಿಡಿ ಬಾರದಿರುವುದಕ್ಕೆ ಕಾರಣ ಹುಡುಕುವಾಗ ಅಗ್ಗದ್ದರಿಂದ ಆರಂಭಿಸಬೇಕು. ಕಲ್ಲಿನ ಅಂಚು ಮೊಂಡಾಗಿದ್ದರೆ ಹೊಸ ಕಲ್ಲು ಹಾಕಿ ನೋಡಬೇಕು. ಕಲ್ಲಿನ ಅಂಚು ಫ್ರಿಝನ್‌ನ ಮುಖಕ್ಕೆ ಅಡ್ಡಲಾಗಿ ಪೂರ್ತಿ ತಾಗುತ್ತದೆಯೇ ಎಂದು ಪರಿಶೀಲಿಸಬೇಕು. ಅದಾದ ಮೇಲೂ ಕಿಡಿ ಇಲ್ಲದಿದ್ದರೆ ಫ್ರಿಝನ್‌ನ ಅಂಚಿನ ಒಂದು ಮರೆಯ ಜಾಗದಲ್ಲಿ ಸಣ್ಣ ಅರವನ್ನು ಎಳೆದು ನೋಡಬೇಕು. ಅರ ಜಾರಿದರೆ ಅದು ಗಡುಸಾಗಿದೆ, ಕಚ್ಚಿದರೆ ಮೆತ್ತಗಾಗಿದೆ. ಮೆತ್ತಗಾದ ಫ್ರಿಝನ್‌ಗೆ ಮತ್ತೆ ಗಡಸು ಕೊಡಬಹುದು ಅಥವಾ ಮುಖಕ್ಕೆ ಉಕ್ಕಿನ ಪದರ ಕೂರಿಸಬಹುದಾದ್ದರಿಂದ ಇದು ಬೆಲೆ ಇಳಿಸಲು ಕಾರಣವೇ ಹೊರತು ಕೈಬಿಡಲು ಕಾರಣವಲ್ಲ.

ಬಟ್ಟಲಿನಲ್ಲಿ ಮದ್ದು ಉರಿದರೂ ಒಳಗೆ ಹತ್ತುವುದಿಲ್ಲ ಎಂದು ಮಾರುವವರೇ ಹೇಳಿದರೆ ಬೆಂಕಿಕಿವಿಯ ಜಾಗವನ್ನು ನೋಡಬೇಕು. ಅದು ಬಟ್ಟಲಿನ ಮೇಲಂಚಿನ ಮಟ್ಟದಲ್ಲಿ, ಬಟ್ಟಲಿನ ನಡುವಿಗೆ ನೇರವಾಗಿರಬೇಕು; ತಂತಿಯನ್ನು ತೂರಿಸಿದರೆ ಅಡೆತಡೆಯಿಲ್ಲದೆ ನಳಿಗೆಯೊಳಗೆ ಇಳಿಯಬೇಕು. ಹವ್ಯಾಸಿಗಳ ಕೈಯಲ್ಲಿ ತಯಾರಾದವುಗಳಲ್ಲಿ ಕಿವಿ ತೀರಾ ಹಿಂದಕ್ಕೆ ಬಿದ್ದು ಬ್ರೀಚ್ ಪ್ಲಗ್‌ನ (ನಳಿಗೆಯ ಹಿಂತುದಿಯನ್ನು ಮುಚ್ಚುವ ಬಿರಡೆಯ) ಮುಖಕ್ಕೆ ತಾಗುವುದುಂಟು, ಮತ್ತು ಇದು ದುಬಾರಿ ದೋಷ. ಅಳತೆಗೆ ಡ್ರಿಲ್ ಬಿಟ್‌ಗಳ ಬುಡವೇ ಸಾಕು: 1.6ರಿಂದ 2 ಮಿಲಿಮೀಟರ್ ಸಾಮಾನ್ಯ, 2.4ರ ಬಿಟ್ ಸಲೀಸಾಗಿ ಇಳಿದರೆ ಕಿವಿ ಸವೆದು ಅಗಲವಾಗಿದೆ. ಲೈನರ್ ಇದ್ದರೆ ಅದನ್ನು ಬದಲಿಸುವುದು ಸುಲಭದ ಕೆಲಸ. ಹಿಂದಿನ ಮಾಲೀಕರು ಯಾವ ಮದ್ದು ಬಳಸುತ್ತಿದ್ದರೆಂದೂ ಕೇಳಬೇಕು. ಪೈರೊಡೆಕ್ಸ್‌ನಂಥ ಬದಲಿ ಮದ್ದು ಚಕಮಕಿಯ ಕಿಡಿಗೆ ಸುಲಭವಾಗಿ ಹತ್ತುವುದಿಲ್ಲ, ಅದಕ್ಕೆ ರೈಫಲನ್ನು ದೂರಬೇಕಾಗಿಲ್ಲ.

ನಳಿಗೆಯ ಒಳಭಾಗ ಇವೆಲ್ಲಕ್ಕಿಂತ ಮುಖ್ಯ. ಗಜದ ತುದಿಗೆ ಬಿಗಿಯಾದ ಹತ್ತಿ ಬಟ್ಟೆಯ ತುಂಡು ಸಿಕ್ಕಿಸಿ, ಒಂದೇ ವೇಗದಲ್ಲಿ ತಳದವರೆಗೆ ಒತ್ತಿ, ಹೊರಗೆಳೆಯಬೇಕು. ಕೈಗೆ ಸಿಗುವ ಬಿಗಿ ಉದ್ದಕ್ಕೂ ಒಂದೇ ಸಮನಾಗಿದ್ದರೆ ನಳಿಗೆ ಚೆನ್ನಾಗಿದೆ. ಒಂದು ಜಾಗದಲ್ಲಿ ಬಿಗಿ ಥಟ್ಟನೆ ಸಡಿಲವಾಗಿ ಮತ್ತೆ ಬಿಗಿಯಾದರೆ ಅಲ್ಲಿ ನಳಿಗೆ ಉಬ್ಬಿದೆ, ಅಂದರೆ ಗುಂಡು ತಳಕ್ಕೆ ಇಳಿಯದೆ ನಡುವೆ ಇದ್ದಾಗ ಯಾರೋ ಹೊಡೆದಿದ್ದಾರೆ. ಅಂಥದ್ದನ್ನು ಹೊಡೆಯಲೆಂದು ಯಾವ ಬೆಲೆಗೂ ಕೊಳ್ಳಬಾರದು. ಬಟ್ಟೆ ತಳದ ಕೆಲವು ಇಂಚುಗಳಲ್ಲಿ ಸಿಕ್ಕಿ ಹರಿದು ಬಂದರೆ, ತೊಳೆಯದೆ ಬಿಟ್ಟ ಮದ್ದಿನ ಕಿಟ್ಟ ಅಲ್ಲಿ ಗುಳಿ ಕೊರೆದಿದೆ. ಬಟ್ಟೆಗೆ ಕೆಂಪು ಪುಡಿ ಮಾತ್ರ ಅಂಟಿದರೆ ಅದು ತೊಳೆದರೆ ಹೋಗಬಹುದಾದ ಮೇಲುತುಕ್ಕು.

ಅದೇ ಗಜದಿಂದ ರೈಫ್ಲಿಂಗ್‌ನ, ಅಂದರೆ ನಳಿಗೆಯೊಳಗಿನ ತೋಡುಗಳ, ಸುರುಳಿಯನ್ನೂ ಅಳೆಯಬಹುದು. ಹಿಡಿ ಸ್ವತಂತ್ರವಾಗಿ ತಿರುಗುವ ಗಜವಾದರೆ, ಅದನ್ನು ಒಂದಡಿ ಎಳೆದಾಗ ಕಾಲು ಸುತ್ತು ತಿರುಗಿದರೆ ಸುರುಳಿ 48 ಇಂಚಿಗೆ ಒಂದು ಸುತ್ತು. 48ರಿಂದ 70ರವರೆಗಿನ ನಿಧಾನ ಸುರುಳಿ ಬಟ್ಟೆ ಸುತ್ತಿದ ದುಂಡು ಗುಂಡಿಗೆ ಹೊಂದುತ್ತದೆ; 28ರ ಆಸುಪಾಸಿನದು ಉದ್ದನೆಯ ಗುಂಡಿಗಾಗಿ ಮಾಡಿದ ಈಚಿನ ನಳಿಗೆ. ಬಾಯಿಯ ಒಳವ್ಯಾಸವನ್ನೂ ಬರೆದಿಟ್ಟುಕೊಳ್ಳಬೇಕು: 11.4 ಮಿಲಿಮೀಟರ್ ಎಂದರೆ .45, 12.7 ಎಂದರೆ .50, 13.7 ಎಂದರೆ .54 ಕ್ಯಾಲಿಬರ್. ಯಾವ ಪಟ್ಟಿಗೂ ಹೊಂದದ ಅಳತೆ ಬಂದರೆ ಕೈಯಲ್ಲಿ ಕೊರೆದ ಹಳೆಯ ನಳಿಗೆಯ ಸಾಧ್ಯತೆಯನ್ನು ಮತ್ತೊಮ್ಮೆ ಪರಿಶೀಲಿಸಬೇಕು.

ಮರದಲ್ಲಿ ಬಿರುಕು ಹುಡುಕಬೇಕಾದ ಜಾಗ ಮುಖ್ಯವಾಗಿ ಎರಡು: ಕೈಹಿಡಿಯುವ ಸಣ್ಣ ಭಾಗ ಮತ್ತು ಟ್ಯಾಂಗ್‌ನ ಹಿಂಬದಿ. ಹಳೆಯ ಕೋವಿಯಲ್ಲಿ ಚೆನ್ನಾಗಿ ಕೂರಿಸಿದ ರಿಪೇರಿ ಸಹಜ. ಹೊಡೆಯುವ ಕೋವಿಯಲ್ಲಿ ಸಣ್ಣ ಭಾಗದ ಬಿರುಕನ್ನು ಕ್ಷಮಿಸಲಾಗದು.

ಬೆಲೆ ಕಟ್ಟುವುದು

ಸಾಬೀತಾಗದ್ದಕ್ಕೆ ಹಣ ಕೊಡಬಾರದು ಎಂಬುದರ ಮೇಲೆಯೇ ನನ್ನ ಲೆಕ್ಕ ನಿಂತಿದೆ. ಮೇಲಿನ ಪರೀಕ್ಷೆಗಳ ನಂತರ ಎರಡು ಬಗೆಗಳ ನಡುವೆ ಅನುಮಾನ ಉಳಿದರೆ, ಕಡಿಮೆ ಬೆಲೆಯ ಬಗೆಯೆಂದೇ ಎಣಿಸಿ ಬೆಲೆ ಹೇಳಬೇಕು.

ಕಾರ್ಖಾನೆಯ ಪ್ರತಿಕೃತಿಯಾದರೆ ಅದೇ ಮಾದರಿಯ, ಗುರುತಿರುವ ಬಳಸಿದ ರೈಫಲ್ ಎಷ್ಟಕ್ಕೆ ಹೋಗುತ್ತದೆಂದು ನೋಡಿ ಅದಕ್ಕಿಂತ ಕಡಿಮೆ ಕೊಡಬೇಕು. ಗುರುತು ಉಜ್ಜಿದ್ದಕ್ಕೆ ಪ್ರತ್ಯೇಕವಾಗಿ ಇಳಿಸಬೇಕು. ಕೈಯಲ್ಲಿ ಜೋಡಿಸಿದ್ದಾದರೆ ಅದೇ ದರ್ಜೆಯ ಲಾಕ್, ನಳಿಗೆ, ಟ್ರಿಗರ್, ಮರ, ಹಿತ್ತಾಳೆ ಸಾಮಾನುಗಳಿಗೆ ಇಂದು ಅಂಗಡಿಯಲ್ಲಿ ಎಷ್ಟಾಗುತ್ತದೆಂದು ಕೂಡಿಸಬೇಕು. ಒಳ್ಳೆಯ ಭಾಗಗಳಾದರೆ ಈ ಮೊತ್ತ ಸಾವಿರ ಡಾಲರ್ ದಾಟುವುದು ಸಾಮಾನ್ಯ. ಹೆಸರಿಲ್ಲದ ಸಾಧಾರಣ ಕೆಲಸಕ್ಕೆ ಈ ಮೊತ್ತವೇ ಮೇಲ್ಮಿತಿ, ಕೆಲಸ ಒರಟಾದಷ್ಟೂ ಅದಕ್ಕಿಂತ ಕೆಳಗೆ. ಜೋಡಿಸಿದವರ ದುಡಿಮೆಗೆ ಬೆಲೆ ಇಲ್ಲವೇ ಎಂದು ಕೇಳಬಹುದು. ಹೆಸರಿಲ್ಲದ ದುಡಿಮೆಗೆ ಮರುಮಾರಾಟದಲ್ಲಿ ಬೆಲೆ ಸಿಗುವುದು ಕಡಿಮೆ, ಇದು ಕಹಿಯಾದರೂ ನಿಜ. ಕೆಲಸ ಅಸಾಧಾರಣವಾಗಿದ್ದರೆ, ಅಂದರೆ ಲೋಹ ಮತ್ತು ಮರದ ನಡುವೆ ಕಾಗದವೂ ತೂರದಂತೆ ಕೂತಿದ್ದು, ಕೆತ್ತನೆಯ ಗೆರೆ ಎಲ್ಲಿಯೂ ತಡವರಿಸದೆ ಹರಿದಿದ್ದರೆ, ಕೊಳ್ಳುವ ಮೊದಲು ಚಿತ್ರಗಳನ್ನು ಬಲ್ಲವರಿಗೆ ತೋರಿಸಬೇಕು. 1996ರಲ್ಲಿ ಆರಂಭವಾದ ಕಾಂಟೆಂಪರರಿ ಲಾಂಗ್‌ರೈಫಲ್ ಅಸೋಸಿಯೇಷನ್ನಿನ ಸದಸ್ಯರಲ್ಲಿ, ಇಂಡಿಯಾನಾದ ಫ್ರೆಂಡ್‌ಶಿಪ್‌ನಲ್ಲಿ ನೆಲೆಯಿರುವ, 1933ರಷ್ಟು ಹಳೆಯದಾದ ರಾಷ್ಟ್ರೀಯ ಮಝಲ್ ಲೋಡಿಂಗ್ ರೈಫಲ್ ಸಂಘದಲ್ಲಿ ಕೆಲಸದ ಶೈಲಿಯಿಂದಲೇ ಕೈಯನ್ನು ಗುರುತಿಸಬಲ್ಲವರು ಸಿಗುತ್ತಾರೆ.

ಕ್ಯಾಲಿಬರ್ ಕೂಡ ಬೆಲೆಯನ್ನು ಅಲುಗಿಸುತ್ತದೆ. ಪೆನ್ಸಿಲ್ವೇನಿಯಾದಲ್ಲಿ 1974ರಿಂದ ಕ್ರಿಸ್‌ಮಸ್ ನಂತರದ ದಿನಗಳಲ್ಲಿ ಚಕಮಕಿ ಕೋವಿಗಷ್ಟೇ ಮೀಸಲಾದ ಜಿಂಕೆ ಬೇಟೆಯ ಅವಧಿಯಿದ್ದು, ಅದಕ್ಕೆ ಕನಿಷ್ಠ .44 ಕ್ಯಾಲಿಬರ್ ಬೇಕು. ಹೀಗಾಗಿ ಅಲ್ಲಿ .50ರ ಸಾಧಾರಣ ರೈಫಲ್‌ಗೆ ಬೇಗ ಗಿರಾಕಿ ಸಿಗುತ್ತದೆ; .36ರ ಸೊಗಸಾದ ಅಳಿಲುಬೇಟೆಯ ರೈಫಲ್ ಅದೇ ಕಾರಣಕ್ಕೆ ಚೌಕಾಶಿಗೆ ಬಗ್ಗುತ್ತದೆ.

ಮೂಲ ಪುರಾತನ ಕೋವಿ ಎಂದು ತೋರಿದರೆ ಮೇಲಿನ ಯಾವ ಲೆಕ್ಕವೂ ನಡೆಯುವುದಿಲ್ಲ. ಲ್ಯಾಂಕಾಸ್ಟರ್, ಬರ್ಕ್ಸ್, ಲೀಹೈ, ಬೆಡ್‌ಫರ್ಡ್ ಹೀಗೆ ಯಾವ ಕೌಂಟಿಯ ಶೈಲಿಯದು, ಕೆತ್ತನೆಯಿದೆಯೇ, ಚಕಮಕಿ ಮೂಲದ್ದೋ ಮರಳಿ ತಿರುಗಿಸಿದ್ದೋ, ಉದ್ದ ಪೂರ್ತಿಯಾಗಿದೆಯೇ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಇಲ್ಲಿ ಶುಲ್ಕ ಕೊಟ್ಟು ಲಿಖಿತ ಮೌಲ್ಯಮಾಪನ ಪಡೆಯುವುದು ಸರಿ, ಮತ್ತು ಆ ಮೌಲ್ಯಮಾಪಕರು ತಾವೇ ಅದನ್ನು ಕೊಳ್ಳಲು ಆಸಕ್ತಿಯಿಲ್ಲದವರಾಗಿರಬೇಕು.

ಕಾನೂನಿನ ವಿಷಯದಲ್ಲಿ, 1968ರ ಅಮೆರಿಕದ ಬಂದೂಕು ನಿಯಂತ್ರಣ ಕಾಯ್ದೆ 1898ರಲ್ಲಿ ಅಥವಾ ಅದಕ್ಕೂ ಹಿಂದೆ ತಯಾರಾದ ಚಕಮಕಿ ಕೋವಿಗಳನ್ನೂ ಅವುಗಳ ಪ್ರತಿಕೃತಿಗಳನ್ನೂ ‘ಪುರಾತನ’ ಎಂದು ಬೇರೆಯಾಗಿ ಎಣಿಸುತ್ತದೆ. ಕೆಲವು ರಾಜ್ಯಗಳ ನಿಯಮ ಇದಕ್ಕಿಂತ ಬಿಗಿಯಾಗಿರುವುದರಿಂದ ತಮ್ಮ ರಾಜ್ಯದ್ದನ್ನು ನೋಡಿಕೊಳ್ಳಬೇಕು. ಊರಿಗೆ ತರುವ ಯೋಚನೆಯಿದ್ದರೆ, ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದೂಕಿನ ಆಮದಿಗೆ ಪರವಾನಗಿ ಬೇಕೆಂಬುದನ್ನು ಕೊಳ್ಳುವ ಮೊದಲೇ ನೆನಪಿಟ್ಟುಕೊಳ್ಳಬೇಕು.

ಒಪ್ಪಂದವಾದ ಮೇಲೆ ರಸೀದಿಯಲ್ಲಿ ಬರೆಸಬೇಕಾದದ್ದು ‘ಹಳೆಯ ಕೆಂಟಕಿ ರೈಫಲ್’ ಎಂಬ ಚೀಟಿಯ ಮಾತಲ್ಲ. ಅಳೆದ ಕ್ಯಾಲಿಬರ್, ನಳಿಗೆಯ ಉದ್ದ, ಲಾಕ್ ಮತ್ತು ನಳಿಗೆಯ ಮೇಲೆ ಸಿಕ್ಕ ಮುದ್ರೆಗಳು, ಕಂಡ ದೋಷಗಳು, ಮಾರುವವರು ಮೂಲ ಎಂದು ಹೇಳಿದ್ದರೆ ಆ ಮಾತು ಅವರದೇ ಶಬ್ದಗಳಲ್ಲಿ, ಮತ್ತು ನಳಿಗೆಯನ್ನು ಮರದಿಂದ ಬಿಚ್ಚಿ ನೋಡಲು ಬಿಡದಿದ್ದ ಪಕ್ಷದಲ್ಲಿ ಬಿಚ್ಚಿದಾಗ ಬೇರೆ ಏನಾದರೂ ಕಂಡರೆ ಹಿಂದಿರುಗಿಸಲು ಇಷ್ಟು ದಿನಗಳ ಅವಕಾಶವಿದೆ ಎಂಬ ಒಂದು ಸಾಲು, ಇಬ್ಬರ ಸಹಿಯೊಂದಿಗೆ ಇರಬೇಕು.